ಬಣ್ಣದ ತಪ್ಪಲ್ಲ

ಬೀಡಿ, ತಾಲೂಕು ಖಾನಾಪುರ
ಶ್ರಾವಣದ ಎರಡನೆಯ ಸೋಮವಾರ, ೪ ಆಗಸ್ಟ್ ೨೦೨೫

ಮುನಿಸಿಕೊಂಡು ಕೂತಿರುವ ನನ್ನ ಮಗಳು ಸೃಷ್ಟಿಗೆ,

ಹೇಗಿದ್ದೀಯವ್ವಾ? ಮಡಗಾಂವದ ಗಾಳಿ ಮೈಗೆ ಒಗ್ಗಿತೇ? ಎಡಗೈ ಬೆರಳ ತುದಿಯ ಜಡ್ಡು ಹಾಗೇ ಇದೆಯೋ, ಮಕ್ಕಳಿಗೆ ಗಿಟಾರು ಕಲಿಸಿ ಕಲಿಸಿ ಇನ್ನೂ ದಪ್ಪವಾಯಿತೋ? ಜೋಳದ ರೊಟ್ಟಿ ಸಿಗದ ಊರಲ್ಲಿ ಏನು ತಿನ್ನುತ್ತೀಯೋ ಎಂದು ನಿನ್ನವ್ವ ದಿನಕ್ಕೊಮ್ಮೆ ಕೇಳುತ್ತಾಳೆ. ಕೇಳುವುದು ನನ್ನನ್ನು! ನೀನು ಮಾತಾಡುವುದು ಅವಳ ಹತ್ತಿರ, ಉತ್ತರ ಹೇಳಬೇಕಾದವನು ನಾನು. ನಾವಿಬ್ಬರೂ ಆರಾಮ ಇದ್ದೇವೆ. ನನ್ನ ಮೊಣಕಾಲು ಮಳೆಯಾದಾಗ ಮಾತ್ರ ನೋಯುತ್ತದೆ, ಈ ತಿಂಗಳು ಮಳೆ ಬಿಟ್ಟೇ ಇಲ್ಲ. ಫೋನಿನಲ್ಲಿ ನನ್ನ ಹೆಸರು ಕಂಡರೆ ನೀನು ಎತ್ತುವುದಿಲ್ಲ. ಕಾಗದವನ್ನು ಹಾಗೆ ಕಟ್ ಮಾಡಲು ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈ ತಾಲೂಕಿನ ಅರ್ಧದಷ್ಟು ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆ ಅಕ್ಷರ ಬರೆದ ಗುರುಪಾದಪ್ಪ ಪೇಂಟರ್, ಮಗಳಿಗೊಂದು ಪತ್ರ ಬರೆಯಲು ಮೂರು ಹಾಳೆ ಹರಿದು ಹಾಕಿದ್ದಾನೆ. ನಗಬೇಡ.

ಜಿಟಿಜಿಟಿ ಮಳೆಗೆ ಬಣ್ಣ ಒಣಗುವುದಿಲ್ಲ, ಆದ್ದರಿಂದ ಕೆಲಸವೂ ಇಲ್ಲ. ಮಧ್ಯಾಹ್ನ ಶೆಡ್ಡಿನಲ್ಲಿ ಎರಡು ಟ್ರೇಲರುಗಳ ನಡುವೆ ಹೊರಸು ಹಾಕಿಕೊಂಡು ಮಲಗುತ್ತೇನೆ. ತಗಡಿನ ಮೇಲೆ ಹನಿ ಬೀಳುತ್ತಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ, ಆಗ ನಿನ್ನ ಗಿಟಾರಿನ ಹಳೆಯ ದನಿ ಎಲ್ಲಿಂದಲೋ ಬರುತ್ತದೆ. ನೀನು ಕರೆಂಟಿನ ಗಿಟಾರನ್ನು ಸ್ಪೀಕರಿಗೆ ಸಿಕ್ಕಿಸಿಕೊಂಡು ಹಿತ್ತಲ ಬಾಗಿಲಲ್ಲಿ ಕೂತು ದಪ್ಪ ತಂತಿಯನ್ನು ಒಮ್ಮೆ ಮೀಟಿದರೆ, ನಿನ್ನವ್ವ ಹೆಂಚಿಗೆ ರೊಟ್ಟಿ ಹಾಕಿ, ನೀರು ಸವರಿ, ಹೊರಳಿಸುವವರೆಗೂ ಆ ದನಿ ಮನೆಯೊಳಗೆ ಓಡಾಡುತ್ತಿತ್ತು. ‘ನಿನ್ನ ತಂತಿ ನಿಂತ್ರ ನನ್ನ ರೊಟ್ಟಿ ಹೊಳ್ಳಿಸಬೇಕು ನೋಡವಾ’ ಎಂದು ಅವಳು ನಗುತ್ತಿದ್ದಳು. ನಿದ್ದೆಯಲ್ಲಿ ಆ ದನಿ ಟ್ರೇಲರುಗಳ ಕೆಳಗೆ ಹಾದು, ಅಂಗಳ ದಾಟಿ, ಕಬ್ಬಿನ ಹೊಲದ ಕಡೆ ಹೋಗುತ್ತದೆ. ನಾನು ಹಿಂದಿನಿಂದ ಹೋಗುತ್ತೇನೆ. ಎಚ್ಚರವಾದರೆ ಮಳೆಯೊಂದೇ ಕೇಳಿಸುತ್ತಿರುತ್ತದೆ.

ಆ ಸಲದ ಖಂಡೇನವಮಿ ನೆನಪಿದೆಯಲ್ಲ? ನನ್ನ ಬ್ರಶ್ಶು, ಬಣ್ಣದ ಗನ್ನು, ಕಂಪ್ರೆಸರ್ ಎಲ್ಲ ತೊಳೆದು ಪೂಜೆಗೆ ಸಾಲಾಗಿ ಇಟ್ಟಾಗ ನೀನೇ ಗಿಟಾರು ತಂದು ಸಾಲಿನ ಕೊನೆಗೆ ಇಟ್ಟೆ. ‘ಇದು ನನ್ನ ಆಯುಧಪಾ’ ಅಂದೆ. ನನಗಾದ ಸಂತೋಷ ಎಷ್ಟೆಂದು ಹೇಳಲಿ! ಊರವರ ಚಕ್ಕಡಿ, ಕೂರಿಗೆ, ಎತ್ತಿನ ಕೋಡು ಎಲ್ಲಕ್ಕೂ ಬಣ್ಣ ಹಚ್ಚಿಕೊಡುವವನು ನಾನು, ಮಗಳ ಆಯುಧ ಮಾತ್ರ ಬಿಳಿಚಿಕೊಂಡು ಕೂತಿತ್ತು. ಮರುದಿನ ನೀನು ಗೆಳತಿಯರಿಗೆ ಬನ್ನಿ ಕೊಡಲು ಬೆಳಗಾವಿಗೆ ಹೋಗಿ ಮೂರು ದಿನ ಅಲ್ಲೇ ಉಳಿದೆ. ನಾನು ದಿನಕ್ಕೆ ನಾಲ್ಕು ಸಲ ಫೋನ್ ಮಾಡಿದೆನೇ ಹೊರತು ಬಣ್ಣದ ಮಾತು ಎತ್ತಲಿಲ್ಲ. ತಂತಿ ಬಿಚ್ಚಿ, ಮೈ ಉಜ್ಜಿ, ಪ್ರೈಮರ್ ಹೊಡೆದು, ಟ್ರೇಲರಿನ ಕೆಂಪು ನಾಲ್ಕು ಕೈ ಎಳೆದೆ. ಅದರ ಮೇಲೆ ಹಳದಿ ಬಳ್ಳಿ, ಎರಡು ಗಿಳಿ, ನಡುವೆ ನಿನ್ನ ಹೆಸರು. ಬೆಳಗಾವಿಯಲ್ಲಿ ನಿನ್ನ ಗಿಟಾರಿನ ಕಾರ್ಯಕ್ರಮವಿದ್ದ ದಿನ ಸಭಾಂಗಣದ ಬಾಗಿಲಲ್ಲೇ ನಿನ್ನ ಕೈಗೆ ಕೊಟ್ಟೆ. ನೀನು ನಿನ್ನ ಹೆಸರಿನ ಮೇಲೆ ಬೆರಳಾಡಿಸಿದೆ. ಆಮೇಲೆ ‘ಚಂದ ಐತಿ’ ಅಂದೆ. ಅದು ಚಂದ ಅನ್ನಿಸಿ ಅಂದದ್ದೋ, ಅಪ್ಪನ ಮುಖ ನೋಡಿ ಅಂದದ್ದೋ ನನಗೆ ಇಂದಿಗೂ ಗೊತ್ತಿಲ್ಲ.

ನಾನು ಎರಡನೆಯ ಸಾಲಿನಲ್ಲಿ ಕೂತಿದ್ದೆ. ನೀನು ಮೀಟಿದ ದನಿ ನಡುಗಿತು, ಅಳ್ಳಾಡಿತು, ಹುಟ್ಟಿದಲ್ಲೇ ಸತ್ತಿತು. ಶ್ರುತಿ ಮಾಡಿಕೊಂಡು ಮತ್ತೆ ಮೀಟಿದೆ, ಮತ್ತೂ ಹಾಗೆಯೇ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಹಾಡಿನ ನಡುವೆಯೇ ಅದನ್ನು ಕೆಳಗಿಟ್ಟು ಗೆಳತಿಯ ಗಿಟಾರು ಎತ್ತಿಕೊಂಡೆ. ಮುಗಿದ ಮೇಲೆ ಹೊರಗೆ ಬಂದು, ಅದನ್ನು ಮೆಟ್ಟಿಲ ಮೇಲೆ ಕೂತಿದ್ದ ನನ್ನ ತೊಡೆಯ ಮೇಲಿಟ್ಟು, ‘ಬಣ್ಣಾ ಬಡದು ಬಡದು ಇದರ ದನಿ ಕೊಂದಿ ನೋಡಪಾ. ನಂದು ಅನ್ನೂದು ಒಂದರೆ ನನ್ನ ಕೈಯಾಗ ಬಿಡತೀಯೇನ ನೀ’ ಅಂದೆ. ಹದಿನೈದು ದಿನಕ್ಕೆ ಮಡಗಾಂವದ ಸಂಗೀತ ಶಾಲೆಯ ಕೆಲಸ ಹಿಡಿದು ಹೋದೆ. ಬರುವ ದಸರೆಗೆ ಎರಡು ವರ್ಷ. ನಿನ್ನ ಎರಡನೆಯ ಮಾತನ್ನು ನಾನು ಆಗ ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲನೆಯದು ಮಾತ್ರ ಎದೆಯಲ್ಲಿ ಚುಚ್ಚಿಕೊಂಡು ಕೂತಿತು. ಮೂವತ್ತೈದು ವರ್ಷ ಬಣ್ಣ ಹೊಡೆದು ಅನ್ನ ತಿಂದವನು ನಾನು. ನನ್ನ ಬಣ್ಣಕ್ಕೆ ಕೊಲ್ಲುವ ಗುಣ ಎಲ್ಲಿಂದ ಬಂತು?

ಅದೊಂದೇ ಹುಚ್ಚು ಹಿಡಿಯಿತು. ಭಜನೆಯ ತಬಲಾದವನನ್ನು ಕೇಳಿದೆ. ‘ತಂಬೂರಿಗೆ ದಪ್ಪ ಬಣ್ಣಾ ಹಚ್ಚಿದ್ರ ದನಿ ಮುಚ್ಚತೈತ್ರಿ ಕಾಕಾ’ ಅಂದುಬಿಟ್ಟ. ಅಂದು ಊಟ ಸೇರಲಿಲ್ಲ. ಬಣ್ಣ ಹಚ್ಚಿದ ಹಲಗೆಯನ್ನೂ ಹಚ್ಚದ ಹಲಗೆಯನ್ನೂ ಬೆರಳಿನಿಂದ ಬಡಿದು, ಕಿವಿಗೊಟ್ಟು ಕೂರುತ್ತಿದ್ದೆ. ಗಿರಾಕಿಗಳು ನೋಡಿ ‘ಕಾಕಾ ಆರಾಮ ಅದಾರೇನ್ರಿ’ ಎಂದು ನಿನ್ನವ್ವನನ್ನು ಮೆಲ್ಲಗೆ ಕೇಳುತ್ತಿದ್ದರಂತೆ! ಕೊನೆಗೆ ಬ್ಲೇಡು, ಪಾಲಿಶ್ ಪೇಪರ್ ಹಿಡಿದು ಗಿಟಾರಿನ ಬೆನ್ನು ಕೆರೆಯತೊಡಗಿದೆ. ಮೂರು ದಿನದಲ್ಲಿ ಹೊಡೆದ ಬಣ್ಣ ತೆಗೆಯಲು ಒಂದು ಚಳಿಗಾಲ ಹಿಡಿಯಿತು. ಬೆನ್ನಿನ ಕಟ್ಟಿಗೆ ಎಳೆ ಎಳೆಯಾಗಿ ಬರಿದಾಗಿ ಕಂಡಿತು. ನೀನು ಬಿಟ್ಟುಹೋದ ಸ್ಪೀಕರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ ದಪ್ಪ ತಂತಿ ಮೀಟಿದೆ. ನಿನ್ನವ್ವ ರೊಟ್ಟಿಗೆ ನೀರು ಸವರುವ ಮೊದಲೇ ದನಿ ಸತ್ತಿತು. ಮುಂಭಾಗವನ್ನೂ ಕೆರೆಯೋಣವೆಂದು ಕೂತರೆ ಬ್ಲೇಡು ನಿನ್ನ ಹೆಸರಿನ ಹತ್ತಿರ ಬಂದು ನಿಂತಿತು. ಮುಂದೆ ಹೋಗಲು ಕೈ ಬರಲಿಲ್ಲ, ಹಾಗೇ ಬಿಟ್ಟೆ.

ಕಳೆದ ಗುರುವಾರ ಅದನ್ನು ಚಾದರದಲ್ಲಿ ಸುತ್ತಿಕೊಂಡು ಬೆಳಗಾವಿ ಬಸ್ಸು ಹತ್ತಿದೆ. ಅಲ್ಲಿಯ ಖಾಸಬಾಗದಲ್ಲಿ ಬಾಳೇಶ ಎಂಬವನು ಹಾರ್ಮೋನಿಯಂ, ಗಿಟಾರು ರಿಪೇರಿ ಮಾಡುತ್ತಾನೆ ಎಂದು ಯಾರೋ ಹೇಳಿದ್ದರು. ನನ್ನ ಕಥೆ ಪೂರ್ತಿ ಕೇಳಿ, ಅವನು ‘ಇದು ತಂಬೂರಿ ಅಲ್ರಿ ಕಾಕಾ. ಅಲ್ಲೆ ಕಟ್ಟಿಗಿ ಹಾಡತೈತಿ. ಇಲ್ಲೆ ತಂತಿ ಅಳ್ಳಾಡೂದನ್ನ ಕೆಳಗಿನ ಚುಂಬಕ ಹಿಡದು ವೈರಿನಾಗ ಕಳಸತೈತಿ. ಬಣ್ಣದ್ದೇನ ಕೆಲಸ?’ ಅಂದ. ನಾನು ಒಪ್ಪಲಿಲ್ಲ, ಪೇಂಟರ್ ನಾನೋ ಅವನೋ? ಆಗ ಒಂದೇ ಕಂಪನಿಯ ಎರಡು ಗಿಟಾರು ತೆಗೆದ. ಒಂದಕ್ಕೆ ದಪ್ಪ ಕಪ್ಪು ಬಣ್ಣ, ಇನ್ನೊಂದು ಬರೀ ಕಟ್ಟಿಗೆ. ನನ್ನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ ಹತ್ತು ಸಲ ಬಾರಿಸಿದ. ನಾನು ಕಣ್ಣು ಮುಚ್ಚಿ, ದೊಡ್ಡ ಪಂಡಿತನ ಗತ್ತಿನಲ್ಲಿ, ಇದು ಬಣ್ಣದ್ದು, ಇದು ಬರಿಯದು ಎನ್ನುತ್ತ ಹೋದೆ. ನಾಲ್ಕು ಸರಿ, ಆರು ತಪ್ಪು. ‘ಕೂದಲೆಳಿಯಷ್ಟ ಫರಕ ಇದ್ರೂ ಇರಬಹುದ್ರಿ, ಅದನ್ನ ಕೇಳೂ ಕಿವಿ ನನಗೂ ಇಲ್ಲ’ ಎಂದು ನಕ್ಕ. ಆ ಗೋಡೆಯ ಕಡೆ ಮುಖ ಮಾಡಿಕೊಂಡೇ ನಾನು ಅತ್ತೆ, ಮಗಳೇ. ಬಣ್ಣದ ತಪ್ಪಲ್ಲ! ಎರಡು ವರ್ಷ ಈ ಒಂದು ಮಾತಿಗೆ ಕಾದಿದ್ದೆ. ಆಮೇಲೆ ಬಾಳೇಶ ನಿನ್ನ ಗಿಟಾರಿನಲ್ಲಿ ಏನೋ ಒಂದು ಸಣ್ಣದು ಸರಿ ಮಾಡಿದ, ದನಿ ಬಂತು. ಅಷ್ಟೇ.

ಮನೆಗೆ ಬಂದು ಉಂಡವನೇ ನಿನ್ನವ್ವನಿಗೆ ಮತ್ತೆ ರೊಟ್ಟಿ ಬಡಿಯಲು ಹೇಳಿದೆ. ‘ಈಗರೆ ಉಂಡೀರಲ್ರೀ’ ಅಂದಳು, ಗಿಟಾರು ನೋಡಿ ಹಿಟ್ಟು ನಾದಿದಳು. ಅವಳು ಹೆಂಚಿಗೆ ಹಾಕಿದಳು, ನಾನು ಮೀಟಿದೆ. ನೀರು ಸವರಿದಳು, ದನಿ ಇತ್ತು. ಹೊರಳಿಸಿದಳು, ಇನ್ನೂ ಇತ್ತು. ಒಲೆಯ ಹೊಗೆಯೊಳಗೆ, ಮಳೆಯ ಸದ್ದಿನೊಳಗೆ ಅದು ಸಣ್ಣಗಾಗುತ್ತ ಹೋಯಿತು. ಯಾವಾಗ ನಿಂತಿತೋ ಇಬ್ಬರಿಗೂ ತಿಳಿಯಲಿಲ್ಲ. ನೀನು ಹಿತ್ತಲ ಬಾಗಿಲಲ್ಲಿ ಕೂತಿದ್ದೀಯೇನೋ ಎಂದು ಅವಳು ತಿರುಗಿ ನೋಡಿದಳು. ನಾನೂ ನೋಡಿದೆ. ರೊಟ್ಟಿ ಸೀದು ಹೋಗಿತ್ತು, ಅದನ್ನೇ ಇಬ್ಬರೂ ಹಂಚಿಕೊಂಡು ತಿಂದೆವು.

ನಾಳೆ ಬೆಳಿಗ್ಗೆ ನಿನ್ನವ್ವ ಖಾನಾಪುರಕ್ಕೆ ಹೋಗಿ ಗೋವಾ ಗಾಡಿ ಹತ್ತುತ್ತಾಳೆ. ಗಿಟಾರು ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಮುಂದೆ ಗಿಳಿ, ಬಳ್ಳಿ ಹಾಗೇ ಇವೆ, ಹಿಂದೆ ಬರೀ ಕಟ್ಟಿಗೆ. ನಾನು ಬರುವುದಿಲ್ಲ, ನೀನು ಕರೆದಾಗ ಬರುತ್ತೇನೆ. ನಿನ್ನ ಬೆರಳಿಗೆ ಬಲ ಇರಲಿ, ಬಸವಣ್ಣ ನಿನ್ನನ್ನು ನಗಿಸುತ್ತಿರಲಿ.

ನಿನ್ನ ಅಪ್ಪ,
ಗುರುಪಾದಪ್ಪ

ತಾ.ಕ.: ಮಂಗಳವಾರ, ಬೆಳಿಗ್ಗೆ. ಬಸ್ಸಿಗೆ ಹೊತ್ತಾಗಿದೆ, ನಿನ್ನವ್ವ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಪತ್ರ ಓದಿದವಳೇ ‘ಏನೋ ಸಣ್ಣದು ಅಂದ್ರ ಏನ್ರೀ? ಬಾಳೇಶ ಹೇಳಿದ್ದನ್ನ ಖರೇ ಖರೇ ಬರೀರಿ, ಇಲ್ಲಾಂದ್ರ ನಾ ಹೇಳತೇನಿ’ ಅನ್ನುತ್ತಾಳೆ. ಬರೆಯುತ್ತೇನೆ. ಬಣ್ಣ ಹೊಡೆದು ಮುಗಿಸಿದ ಮೇಲೆ, ತಂತಿಯ ಕೆಳಗಿನ ಮೂರು ಚುಂಬಕಗಳ ಆಜೂಬಾಜೂ ಆರು ಸಣ್ಣ ಸ್ಕ್ರೂ ಸಡಿಲ ಕಂಡವು. ಟ್ರೇಲರಿನಲ್ಲಿ ಒಂದು ಸ್ಕ್ರೂ ಸಡಿಲ ಬಿಟ್ಟವನಲ್ಲ ನಾನು, ಆರನ್ನೂ ಕಡೆತನಕ ಬಿಗಿದೆ. ಅವು ಅಷ್ಟು ಸಡಿಲವೇ ಇರಬೇಕಂತೆ. ಬಿಗಿದಷ್ಟೂ ಚುಂಬಕ ಮೇಲೆದ್ದು, ತಂತಿಯ ತೀರ ಹತ್ತಿರ ಬಂದು, ಅದನ್ನು ತನ್ನತ್ತ ಎಳೆದು ಹಿಡಿದುಬಿಟ್ಟಿತಂತೆ. ‘ಇಷ್ಟ ಸನೇಕ ಬಂದು ಹಿಡಕೊಂಡ್ರ ತಂತಿ ಹೆಂಗ ಆಡಬೇಕ್ರಿ ಕಾಕಾ’ ಅಂದ ಬಾಳೇಶ. ನಿನ್ನ ಎರಡನೆಯ ಮಾತು ಆಗ ಕಿವಿಗೆ ಬಿತ್ತು. ನಿನ್ನ ತಾಲೀಮಿನ ಕೋಣೆಯ ಹೊರಗೆ ದಿನಾ ಗಾಡಿ ನಿಲ್ಲಿಸಿಕೊಂಡು ಕಾದದ್ದು, ಹತ್ತು ನಿಮಿಷ ತಡವಾದರೆ ಫೋನ್ ಮೇಲೆ ಫೋನ್ ಮಾಡಿದ್ದು, ಎಲ್ಲ ನೆನಪಾಯಿತು. ದನಿ ಕೊಂದದ್ದು ಬಣ್ಣವಲ್ಲ, ನಾನು. ತಪ್ಪಾಯಿತು, ಮಗಳೇ. ಬಾಳೇಶ ಅಂದಾಜಿನ ಮೇಲೆ ಸಡಿಲಿಸಿದ್ದಾನೆ, ಸರಿಯಾದ ಅಳತೆ ಬಾರಿಸುವವರಿಗೇ ಗೊತ್ತು ಅಂದ. ನನ್ನ ಸಣ್ಣ ಸ್ಕ್ರೂಡ್ರೈವರನ್ನು ರೊಟ್ಟಿಯ ಗಂಟಿನಲ್ಲಿ ಇಟ್ಟಿದ್ದೇನೆ. ಎಷ್ಟು ಸಡಿಲ ಬೇಕೋ ನೀನೇ ಮಾಡಿಕೋ.