ಬಿಚ್ಚದೆ ಉಳಿದಿದ್ದ ಗಂಟು

ನನ್ನ ಮುದ್ದು ಹೆರೆನ್ನಿಯಾ,

ನೀನೂ ಕೂಸೂ ಸುಖವಾಗಿದ್ದರೆ, ಇಲ್ಲಿ ರಿಯಾಟೆಯಲ್ಲಿ ನಿನ್ನ ಮಾವನೂ ಅವನ ಹನ್ನೊಂದು ಹೇಸರಗತ್ತೆಗಳೂ ಸುಖ. ನಮ್ಮೂರ ಮೇಷ್ಟ್ರ ಬೆತ್ತ ಕಲಿಸಿದ ಅಕ್ಷರ ಇವು. ಸೊಟ್ಟಗಿದ್ದರೆ ಬೆತ್ತವನ್ನು ಬೈಯಿ.

"ಮಾವಾ, ನಿಮ್ಮ ಎಡಗೈಯ ಉಣ್ಣೆದಾರ ಎಲ್ಲಿ ಹೋಯಿತು?" ಎಂದು ಕೇಳಿ ಬರೆದಿದ್ದೀಯ. ಕಳೆದುಹೋಯಿತು ಅಂತ ಸುಳ್ಳು ಹೇಳೋಣವೆಂದಿದ್ದೆ. ಸುಳ್ಳಿನಲ್ಲಿ ನನ್ನನ್ನು ಮೀರಿಸುವವರಿಲ್ಲ, ನಿನಗೇ ಗೊತ್ತು. ಆದರೆ ಇದೊಂದಕ್ಕೆ ಮನಸ್ಸು ಬರಲಿಲ್ಲ.

ನಾನು ನಿಮ್ಮ ಮನೆಗೆ ಬಂದಿದ್ದೆ; ನಿನಗೆ ನೋವು ಶುರುವಾಗಿ ಅಂದು ಎರಡನೆಯ ದಿನ. ಕೂಸು ಕಾಲು ಮುಂದು ಮಾಡಿಕೊಂಡು ಕೂತಿತ್ತು. ಸೂಲಗಿತ್ತಿ ಸಾಲ್ವಿಯಾ ಹೊರಗೆ ಬಂದು, "ಮನೇಲಿ ಒಂದೂ ಗಂಟು ಇರಕೂಡದು. ಎಲ್ಲೋ ಒಂದು ಬಿಗಿದಿದ್ರೂ ಹೆರಿಗೆ ಕಾಯೋ ದೇವಿ ಲುಕಿನಾ ಒಳಗೆ ಕಾಲಿಡಲ್ಲ" ಎಂದಳು. ಗಂಟಿನ ಕೆಲಸಕ್ಕೆ ನನಗಿಂತ ಯಾರು ಬೇಕು? ಮೂವತ್ತು ವರ್ಷ ಹೇಸರಗತ್ತೆಗೆ ಹೊರೆ ಬಿಗಿದ ಕೈ! ಪರದೆ, ಬಾವಿಹಗ್ಗ, ಚಪ್ಪಲಿ ಬಾರು, ನಿನ್ನ ಗಂಡನ ಸೊಂಟಪಟ್ಟಿ ಎಲ್ಲ ಬಿಚ್ಚಿದೆ. ಮೇಕೆಯನ್ನೂ ಬಿಚ್ಚಿದೆ. ಅದು ಸೀದಾ ಪಕ್ಕದ ಮನೆಯ ಕೋಸಿಗೆ ಬಾಯಿ ಹಾಕಿತು. ನಿನ್ನ ಗಂಡ ಪಟ್ಟಿಯಿಲ್ಲದ ನಿಲುವಂಗಿಯನ್ನು ಮೊಣಕಾಲ ಕೆಳಗೆ ಜೋತಾಡಿಸಿಕೊಂಡು ಅದರ ಹಿಂದೆ ಓಡಿದ.

"ಎಲ್ಲ ಬಿಚ್ಚಾಯ್ತಮ್ಮಾ, ನನ್ನ ಕೈಯಲ್ಲವೇ!" ಎಂದೆ. ಸಾಲ್ವಿಯಾ ಆ ಕೈಯನ್ನೇ ನೋಡಿದಳು. "ಮತ್ತೆ ಅದೇನೋ, ಜಂಬದ ಕೋಳಿ?"

ಅದು ನಿನ್ನ ಅಮ್ಮ, ನನ್ನ ತಂಗಿ ವೆಟ್ಟಿಯಾ, ತನ್ನ ಮದುವೆಯ ದಿನ ಉಣ್ಣೆಯ ನಡುಪಟ್ಟಿಯಿಂದ ಒಂದೆಳೆ ಎಳೆದು ನನಗೆ ಕಟ್ಟಿದ್ದು. "ಅಣ್ಣಾ, ಇದು ಇರೋ ತನಕ ನನ್ನ ಮರೀಬೇಡ" ಅಂದು ನನ್ನ ಬೆರಳನ್ನು ಬಿಗಿಯಾಗಿ ಹಿಡಿದಿದ್ದಳು. ಮರುವರ್ಷ ನಿನ್ನನ್ನು ಹೆತ್ತು ಹೋದಳು. ಅಂದೂ ಬಾಗಿಲಾಚೆ ಕೂತಿದ್ದವನು ನಾನೇ, ಕೈಯಲ್ಲಿದ್ದದ್ದು ಇದೇ ದಾರ. ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ.

"ಇದು ಗಂಟಲ್ಲ, ತಂಗೀದು" ಎಂದೆ.

"ಹೋದೋಳದ್ದು ಹಿಡ್ಕೊಂಡು ಇರೋಳನ್ನೂ ಕಳ್ಕೋತೀಯಾ? ಬಿಚ್ಚಯ್ಯ!"

ಕತ್ತರಿಸಿದರೆ ಆಗದಂತೆ, ಬಿಚ್ಚಲೇಬೇಕು. ಹತ್ತೊಂಬತ್ತು ವರ್ಷದ ಬೆವರು, ಧೂಳು ಕುಡಿದು ಅದು ಕಲ್ಲಾಗಿತ್ತು. ಒಳಗೆ ನಿನ್ನ ದನಿ ಕುಗ್ಗುತ್ತಿತ್ತು. ಮೂವತ್ತು ವರ್ಷದ ಈ ಕೈಗೂ ಅದು ಜಗ್ಗಲಿಲ್ಲ, ಹೆರೆನ್ನಿಯಾ. ಕೊನೆಗೆ ಹಲ್ಲಿನಲ್ಲಿ ಕಚ್ಚಿ, ಅಳುತ್ತಾ ಬಿಚ್ಚಿದೆ. ಮುಂದಿನ ಹಲ್ಲೊಂದು ಅಲ್ಲೇ ಉದುರಿತು.

ಒಳಗಿಂದ ಸಾಲ್ವಿಯಾ ಕೂಗುತ್ತಿದ್ದಳು: "ಕಾಲು ಮುಂದಾದ್ದನ್ನ ದಾಟಿಸಮ್ಮಾ ಪೋಸ್ಟ್‌ವೆರ್ಟಾ! ಬೆಳಕಿಗೆ ತಾರಮ್ಮಾ ಲುಕಿನಾ!" ಆಮೇಲೆ ಹೆಣ್ಣು ಕೂಸಿನ ಅಳು.

ಎಂಥ ತಾಯಂದಿರು ಈ ಇಬ್ಬರು ದೇವಿಯರು! ಯುದ್ಧದ ದೇವರು ಮಾರ್ಸ್‌ಗೆ ಈಟಿ ಬೇಕು, ಗುರಾಣಿ ಬೇಕು. ಇವರು ಬರಿಗೈಯಲ್ಲಿ ಬಂದು ಇಬ್ಬರ ಜೀವ ಉಳಿಸಿ ಹೋದರು. ಇನ್ನು ನೀನೋ, ಎರಡು ದಿನ ಹಲ್ಲು ಕಚ್ಚಿ ತಡೆದುಕೊಂಡವಳು! ನಿನ್ನ ಮುಂದೆ ನಾನು ಜಂಬ ಕೊಚ್ಚುವುದನ್ನೇ ಬಿಟ್ಟೆ. ಊರಲ್ಲಿ ಮಾತ್ರ, ಅರ್ಧ ಹೆರಿಗೆ ನನ್ನ ಹಲ್ಲೇ ಮಾಡಿಸಿದ್ದು ಎಂದು ಹೇಳಿಕೊಂಡು ತಿರುಗುತ್ತಿದ್ದೇನೆ.

ದಾರ ಈ ಪತ್ರದೊಳಗಿದೆ. ಕೂಸಿನ ಕೈಗೆ ಕಟ್ಟಬೇಡ, ಸುಮ್ಮನೆ ಅಂಗೈ ಮೇಲಿಡು. ಹೇಗೆ ಹಿಡಿದುಕೊಳ್ಳುತ್ತಾಳೆ ನೋಡು, ಥೇಟ್ ಅವಳಜ್ಜಿ.

ಲುಕಿನಾ ತಾಯಿ ನಿಮ್ಮಿಬ್ಬರನ್ನೂ ಬೆಳಕಿನಲ್ಲಿ ಇಟ್ಟಿರಲಿ.

ಒಂದು ಹಲ್ಲು ಕಡಿಮೆಯಾದ ನಿನ್ನ ಸೋದರಮಾವ,
ವೆಟ್ಟಿಯಸ್