ಭಾವ ಸುಟ್ಟ ಬ್ರೇಕು

ಮಾರ್ಚ್ 14, ಗುರುವಾರ

ಹೋದ ವಾರ ನಾನು ಕಾರಿಗೆ ಹಾಕಿಕೊಟ್ಟ ಬ್ರೇಕು ಕೈಕೊಟ್ಟಿತೆಂದು ಭಾವ ಇವತ್ತು ನನ್ನ ಗ್ಯಾರೇಜಿನಲ್ಲಿ ಗಿರಾಕಿಗಳೆದುರೇ ಕೂಗಾಡಿದ. ಚಕ್ರಗಳನ್ನು ಬಿಚ್ಚಿ ನೋಡಿದೆ. ಮುಂದಿನ ಬ್ರೇಕು ಹೊಸದರಂತಿತ್ತು. ಹಿಂದಿನ ಡಿಸ್ಕು ಸುಟ್ಟು ನೀಲಿಗಟ್ಟಿತ್ತು, ಟೈರು ಸವೆದು ತಂತಿ ಕಾಣುತ್ತಿತ್ತು.

"ಬ್ರೇಕ್ ತುಳ್ಕೊಂಡೇ ಆಕ್ಸಿಲರೇಟರ್ ಒತ್ತಿ, ಹಿಂದಿನ ಚಕ್ರ ನಿಂತಲ್ಲೇ ತಿರುಗಿಸಿ ಹೊಗೆ ಎಬ್ಬಿಸಿದ್ದೀರ, ಭಾವ. ಮುಂದಿನ ಬ್ರೇಕು ಗಟ್ಟಿ, ಕಾರನ್ನ ಹಿಡ್ಕೊಳ್ತು. ಹಿಂದಿನದು ಎಂಜಿನ್ನಿನ ಜೋರಿಗೆ ಸೋತು, ಉಜ್ಜಿ ಉಜ್ಜಿ ಸುಟ್ಟೋಗಿದೆ."

"ನಂಗೇ ಪಾಠ ಹೇಳ್ತೀಯೇನೇ?"

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ ಹೇಳಿದಳು: "ಭಾನುವಾರ ಮೈದಾನದಲ್ಲಿ ಮಾಡಿದ್ರು. ಮಗಳನ್ನ ಪಕ್ಕದಲ್ಲೇ ಕೂರಿಸ್ಕೊಂಡು."

ಅಲ್ಲಿಯತನಕ ನನ್ನ ಸಿಟ್ಟು ನನ್ನ ಕೆಲಸದ ಹೆಸರಿಗಾಗಿ ಇತ್ತು. ಆಮೇಲೆ ಅವನ ಮುಖ ನೋಡುವುದೂ ಬೇಡವಾಯಿತು. ಕಾರು ಬಿಟ್ಟುಕೊಡಲಿಲ್ಲ. ಅವನು ಬೈಯುತ್ತಲೇ ನಡೆದುಕೊಂಡು ಹೋದ.

ಅಕ್ಕ ಅವನ ಹಿಂದೆ ಹೋಗಲಿಲ್ಲ. ತಾಯಿ ಮಗಳು ಈಗ ನನ್ನ ಹಾಸಿಗೆಯಲ್ಲಿ ಮಲಗಿದ್ದಾರೆ, ನಾನು ನೆಲದ ಮೇಲೆ. ಭಾವ ಇವರನ್ನು ಕರೆಯಲು ಬರುತ್ತಾನೆ. ಬರಲಿ, ಬಾಗಿಲು ತೆಗೆಯುವವಳು ನಾನೇ.