ನೆನಪುಗಾರನ ಹೆಂಡತಿ

ಮೆಲಾಂಡ್ರಾ, ಕ್ರೀಟ್ ದ್ವೀಪ
ದ್ರಾಕ್ಷಿ ಕೊಯ್ಲು ಮುಗಿದ ಎಂಟನೇ ದಿನ, ಏತೋನ್ ಒಡೆಯನಾಗಿರುವ ವರ್ಷ

ನನ್ನ ಬಂಗಾರಿ ತಿಮೋ,

ನೀನು ಗಟ್ಟಿಯಾಗಿರು, ನಿನ್ನ ಕೂಸುಗಳು ಗಟ್ಟಿಯಾಗಿರಲಿ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿಯಂತೆ. ಬರೆದಾಯಿತು, ಮುಂದೆ ಓದು.

ನೀನು ನಾಕ್ಸೋಸ್‌ನಿಂದ ಕಳಿಸಿದ ಓಲೆಯನ್ನು ಬಟ್ಟೆ ಮಾರುವವಳು ತಂದುಕೊಟ್ಟಳು. ಆ ಮೇಕೆ ಚರ್ಮ ಮೀನಿನ ವಾಸನೆ ಹೊಡೆಯುತ್ತಿತ್ತು, ಆದರೂ ಎದೆಗೆ ಒತ್ತಿಕೊಂಡೆ. ಯಾರ ಹತ್ತಿರವೂ ಓದಿಸಲಿಲ್ಲ, ನಾನೇ ಓದಿದೆ. ನಗಬೇಡ. ಗುಡಿಯ ಗೋಡೆಗೆ ಕಾನೂನು ಕೆತ್ತಲು ಊರಿನವರು ಕರೆಸಿದ ಸಿಮಿಯಾಸ್ ಐದು ತಿಂಗಳಿಂದ ನಮ್ಮ ಮನೆಯಲ್ಲೇ ಇದ್ದಾನೆ. ಅವನು ನಿಮ್ಮಪ್ಪನ ಬಾಯಿಂದ ಕೇಳಿ ಬೂದಿಯ ಮೇಲೆ ಬರೆದುಕೊಳ್ಳುವುದನ್ನು ನೋಡಿ ನೋಡಿ ನನಗೂ ಅಕ್ಷರ ಹತ್ತಿತು. ಕೈ ಇನ್ನೂ ಪಳಗಿಲ್ಲ. ಸಾಲು ಡೊಂಕಾದರೆ ಬೈಯಬೇಡ.

ಮೊದಲು ನೀನು ಕೇಳಿದ್ದಕ್ಕೆ ಉತ್ತರ. ನಿನ್ನ ಗಂಡ ಲಾಸ್ತೆನೆಸ್‌ನ ಹಾಗೆ ಒಮ್ಮೆ ಊರಿನ ಒಡೆಯನಾದವನು ಎಷ್ಟು ವರ್ಷ ಬಿಟ್ಟು ಮತ್ತೆ ಆ ಪೀಠ ಹತ್ತಬಹುದು ಎಂದು ಕೇಳಿದ್ದೀಯ. ವರ್ಷ ತುಂಬಿದರೂ ಪೀಠ ಬಿಡದವನು ಅಷ್ಟೇ ವರ್ಷ ಊರ ಹೊರಗಿರಬೇಕು, ಅವನ ಒಲೆಯೂ, ಹೆಂಡತಿ ಮಕ್ಕಳೂ, ಅವನ ಜೊತೆಗೇ ಹೋಗಬೇಕು ಎನ್ನುವುದು ನಿನಗೂ ಗೊತ್ತು. ಮೂರು ವರ್ಷ ಎಂದು ಅಪ್ಪ ಅಂಗಳದಲ್ಲಿ ಹಾಡುತ್ತಿದ್ದರು, ಮೂರು ಮುಗಿಯಿತು, ಅಪ್ಪ ಸಭೆಯಲ್ಲಿ ಅದನ್ನೇ ಹೇಳಿದರೆ ಸಾಕು, ನಾನು ಲಾಸ್ತೆನೆಸ್ ಜೊತೆ ಮನೆಗೆ ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ಇಲ್ಲ ಮಗಳೇ. ನಿನಗೆ ಆಗ ಎಂಟು ವರ್ಷವೂ ತುಂಬಿರಲಿಲ್ಲ, ಎಲ್ಲಿಯದೋ ಸಾಲನ್ನು ಎಲ್ಲಿಗೋ ಸೇರಿಸಿಕೊಂಡಿದ್ದೀಯ. ಅದು ಹತ್ತು. ಸಭೆಯಲ್ಲಿ ನಿಮ್ಮಪ್ಪ ಹತ್ತು ಎಂದೇ ಹೇಳಿದರು. ಸಿಮಿಯಾಸ್ ಕೆತ್ತಿಯೂ ಆಯಿತು. ಇನ್ನು ಏಳು ವರ್ಷ ನೀನು ಬರುವ ಹಾಗಿಲ್ಲ.

ಅಳು. ಅತ್ತು ಮುಗಿಸಿ ಆಮೇಲೆ ಓದು. ನಾನೂ ಅತ್ತೇ ಬರೆಯುತ್ತಿದ್ದೇನೆ.

ಬಾಯಲ್ಲಿದ್ದ ಕಾನೂನು ಕಲ್ಲಿಗೆ ಯಾಕೆ ಬಂತು ಎಂದು ನಿನ್ನ ಗಂಡ ಕೂಗಾಡುತ್ತಾನೆಂದು ಬರೆದಿದ್ದೀಯ. ಅವನಿಂದಲೇ ಬಂತು, ಹೇಳು ಅವನಿಗೆ. ನನ್ನ ಅಜ್ಜಿಯ ಕಾಲಕ್ಕೆ ಇಲ್ಲಿ ರಾಜನಿದ್ದ. ಅಜ್ಜಿ ಅವನ ಮನೆಗೆ ಹಾಲು ಹಾಕುತ್ತಿದ್ದಳು. ಅವನಿಗೂ ನಮ್ಮ ಹಾಗೆ ಹರಿದ ಚಪ್ಪಲಿಯೇ ಇತ್ತಂತೆ, ಆದರೆ ಅವನು ಹೇಳಿದ್ದೇ ನ್ಯಾಯ. ಹತ್ತು ಮನೆತನದವರು ಸೇರಿ ಅವನನ್ನು ಇಳಿಸಿ, ಆಳುವುದನ್ನು ತಮ್ಮಲ್ಲೇ ಹಂಚಿಕೊಂಡರು. ಹಂಚಿಕೊಂಡವರು ತಾವೇ ಕಚ್ಚಾಡಿದ್ದಕ್ಕೆ ವರ್ಷಕ್ಕೊಬ್ಬ ಒಡೆಯ ಎಂದಾಯಿತು, ಕಾನೂನನ್ನೆಲ್ಲ ಬಾಯಲ್ಲಿಟ್ಟುಕೊಳ್ಳಲು ಒಬ್ಬ ನೆನಪುಗಾರ ಎಂದಾಯಿತು. ನಿಮ್ಮ ಮುತ್ತಜ್ಜ, ಅಜ್ಜ, ಈಗ ನಿಮ್ಮಪ್ಪ. ಇಷ್ಟು ವರ್ಷ ಒಬ್ಬನೂ ಎರಡನೇ ಸಲ ಕೂರುತ್ತೇನೆ ಎಂದಿರಲಿಲ್ಲ. ಹಾಗಾಗಿ ಎಷ್ಟು ವರ್ಷ ಬಿಡಬೇಕು ಎಂದು ಯಾರೂ ನೆನಪುಗಾರನನ್ನು ಕೇಳಿರಲಿಲ್ಲ. ನಿನ್ನ ಗಂಡನೇ ಮೊದಲು.

ಮೂರು ವರ್ಷದ ಹಿಂದೆ ಆ ದಿನ ನೀನು ಹಿರಿಯವಳನ್ನು ಹೆತ್ತು ಒಳಗೆ ಮಲಗಿದ್ದೆ, ನೋಡಲಿಲ್ಲ. ವರ್ಷ ತುಂಬಿದ ದಿನ ಜನ ಕೂಗಿದ ಕೂಡಲೇ ಒಡೆಯ ಎದ್ದು, ತಾನು ಕೂತ ಕಲ್ಲನ್ನು ತನ್ನ ಕೈಯಿಂದಲೇ ತೊಳೆದು ಕೆಳಗಿಳಿಯಬೇಕು. ಜನ ಕೂಗಿದರು. ಲಾಸ್ತೆನೆಸ್ ಕಾಲು ಚಾಚಿ ಕೂತೇ ಇದ್ದ.

"ಎದ್ದೇಳೋಕೆ ಏನಪ್ಪಾ ಅವಸರ? ಈಗ ತಾನೇ ಬೆಚ್ಚಗಾಗಿದೆ" ಎಂದ.

ಜನ ನಕ್ಕರು ತಿಮೋ. ನಾನೂ ನಕ್ಕೆ. ನಗಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ, ನಿನ್ನನ್ನು ಕೊಟ್ಟದ್ದೂ ಆ ನಗು ನೋಡಿಯೇ ಅಲ್ಲವೇ. ಆಮೇಲೆ ಸಭೆಯ ಬಾಗಿಲಲ್ಲಿ ಈಟಿ ಹಿಡಿದವರು ಕಂಡರು. ನಮ್ಮ ಮಾತೇ ಬಾರದ ಕೂಲಿಯವರು. ಸಂಜೆಗೆ ಮೂರು ಹೆಣ ಬಿತ್ತು. ಪಕ್ಕದ ಮನೆ ಕ್ಲೀತಾಳ ಗಂಡನೂ ಒಬ್ಬ. ಅವನು ಯಾವ ಪಕ್ಷದವನೂ ಅಲ್ಲ, ಅಂಜೂರ ಮಾರಲು ಹೋದವನು.

ನಿನ್ನ ಗಂಡನನ್ನು ಓಡಿಸಿದವರು ಹತ್ತು ಮನೆತನದವರಲ್ಲ. ಅವರು ಬಾಗಿಲು ಹಾಕಿಕೊಂಡಿದ್ದರು. ಓಡಿಸಿದವರು ಹೊಲದವರು, ಕುಂಬಾರರು, ಕುರಿಯವರು. ಈ ವರ್ಷ ಅವರೇ ಸಭೆಗೆ ಬಂದು ನಿಂತರು. "ಯುದ್ಧದಲ್ಲಿ ಗುರಾಣಿ ಹಿಡಿಯೋಕೆ ನಾವ್ ಬೇಕು, ಕಾನೂನು ಏನಂತ ತಿಳ್ಕೊಳ್ಳೋಕೆ ಮಾತ್ರ ಬೇಡ್ವಾ? ಮುದುಕನ ಬಾಯಲ್ಲಿರೋದನ್ನ ಗೋಡೆ ಮೇಲೆ ಹಾಕ್ರಿ, ನಮ್ ಕಣ್ಣಿಗೂ ಕಾಣ್ಲಿ!" ಎಂದರು. ಅರ್ಧ ಜನಕ್ಕೆ ಓದಲು ಬರುವುದಿಲ್ಲ. ಆದರೂ ಬೇಕು ಎಂದರು. ಸಮುದ್ರದಾಚೆ ಎಷ್ಟೋ ಊರುಗಳಲ್ಲಿ ಒಬ್ಬೊಬ್ಬನೇ ಎಲ್ಲವನ್ನೂ ನುಂಗಿ ಕೂತಿದ್ದಾನೆಂದು ನಾವಿಕರು ಹೇಳುತ್ತಲೇ ಇರುತ್ತಾರೆ, ಅವರಿಗೆ ಆ ಭಯ.

ಈಗ ನಿನಗೊಂದು ವಿಷಯ ಹೇಳಬೇಕು. ನಿನ್ನ ಗಂಡನಿಗೆ "ಹತ್ತು" ಎಂದಷ್ಟೇ ಹೇಳು, ಇದನ್ನು ಹೇಳಬೇಡ. ನಿಮ್ಮಪ್ಪನಿಗೆ ನೆನಪು ಹೋಗಿದೆ.

ಸುರುವಾಗಿ ಎರಡು ವರ್ಷವಾಯಿತು. ಮೊದಲು ಮೇಕೆಗಳ ಹೆಸರು ಹೋಯಿತು. ಆಮೇಲೆ ಊರ ಗಂಡಸರೆಲ್ಲ ಒಟ್ಟಿಗೆ ಉಣ್ಣುವ ಮನೆಯ ದಾರಿ ಹೋಯಿತು, ಮನೆಗೇ ತಟ್ಟೆ ತರಿಸುತ್ತೇನೆ. ಮೊನ್ನೆ ಜವೆ ರೊಟ್ಟಿ ಮುರಿದು ಅರ್ಧ ಎತ್ತಿಟ್ಟರು. ಯಾಕೆ ಎಂದರೆ, "ತಿಮೋಗೆ ಕಣೇ. ಬಾವಿಗೆ ಹೋದೋಳು ಇನ್ನೂ ಬಂದಿಲ್ವಲ್ಲ" ಎಂದರು. ನಾನು ಒಳಗೆ ಹೋಗಿ ಮಗ್ಗದ ಮುಂದೆ ಕೂತೆ, ಒಂದು ಎಳೆಯೂ ನೇಯಲಿಲ್ಲ.

ಆದರೆ ಯಾರಾದರೂ ಮೊದಲ ಪದ ಎತ್ತಿಕೊಟ್ಟರೆ ಕಾನೂನಿನ ಸಾಲು ಈಗಲೂ ರಾಗವಾಗಿ ಬರುತ್ತದೆ. ನೆನಪುಗಾರನ ಬಾಯಿ ಒಣಗಬಾರದು ಎಂದು ಹೆಂಡತಿ ನೀರಿನ ಬಟ್ಟಲು ಹಿಡಿದು ಹಿಂದೆ ನಿಲ್ಲುವುದು ನಮ್ಮಲ್ಲಿ ಇದ್ದೇ ಇದೆಯಲ್ಲ. ಎರಡು ವರ್ಷದಿಂದ ನಾನು ಬಟ್ಟಲು ತುಟಿಗೆ ಹಿಡಿಯುವಾಗ ಮೊದಲ ಪದವನ್ನು ಕಿವಿಯಲ್ಲಿ ಹೇಳುತ್ತೇನೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದ್ದೇನೆ, ಒಂದು ಸಾಲೂ ನನಗೆ ಬಾರದ್ದಿಲ್ಲ. ಹೆಂಗಸು ಕಾನೂನು ಹೇಳಬಾರದು ಎನ್ನುವ ಸಾಲೂ ಬರುತ್ತದೆ. ಐದು ತಿಂಗಳು ಸಿಮಿಯಾಸ್‌ಗೆ ಬರೆಸಿದ್ದೂ ಹೀಗೆಯೇ. ಕೊನೆಗೆ ಒಡೆಯನ ಪೀಠದ ಸಾಲೊಂದು ಉಳಿದಿತ್ತು. ಅದನ್ನು ಇಡೀ ಊರಿನ ಮುಂದೆಯೇ ಹೇಳಬೇಕು ಎಂದು ಜನ ಹಟ ಹಿಡಿದರು.

ಸಭೆಗೆ ಎರಡು ದಿನ ಮುಂಚೆ ಕ್ಲೀತಾ ಗಿಣ್ಣು ತಂದಿದ್ದಳು. ಕೊಟ್ಟು, ಹೊಸಿಲಲ್ಲೇ ನಿಂತು, "ನಿನ್ನ ಅಳಿಯ ಬರೋದಾದ್ರೆ ಮುಂಚೆ ಒಂದ್ ಮಾತು ಹೇಳಕ್ಕಾ. ಜಗಳ ಆಡಲ್ಲ. ಮಕ್ಕಳನ್ನ ಕರ್ಕೊಂಡು ಊರು ಬಿಟ್ ಹೋಗ್ತೀನಿ ಅಷ್ಟೆ" ಎಂದಳು. ನಾನು ಗಿಣ್ಣು ಚೆನ್ನಾಗಿದೆ ಎಂದೆ.

ಸಭೆಯ ದಿನ ಅಪ್ಪನಿಗೆ ಬಿಳಿ ಮೇಲುಹೊದಿಕೆ ಹೊದಿಸಿ ಕೈಹಿಡಿದು ಕರೆದೊಯ್ದೆ. ಗುಡಿಯ ಹಿಂದಿನ ಬಂಡೆಯನ್ನು ಮುಟ್ಟಿಸಿ ಆಣೆ ಮಾಡಿಸಿದರು. ಸುಳ್ಳು ನೆನಪು ಹೇಳಿದವರನ್ನೂ ಹೇಳಿಸಿದವರನ್ನೂ ಅಲ್ಲಿಂದಲೇ ಕೆಳಗಿನ ಕಣಿವೆಗೆ ತಳ್ಳುವುದು. ಈ ವರ್ಷದ ಒಡೆಯ ಏತೋನ್ ಎದ್ದು, "ಒಡೆಯನಾದವನು ಮತ್ತೆ ಒಡೆಯನಾಗಬೇಕಾದರೆ ಎಷ್ಟು ವರ್ಷ ಬಿಡಬೇಕು?" ಎಂದು ಕೇಳಿದ. ನಿಮ್ಮಪ್ಪ ಸಾಲು ಎತ್ತಿದರು, ಅರ್ಧಕ್ಕೆ ನಿಂತರು. ತಿರುಗಿ ನನ್ನನ್ನು ನೋಡಿದರು. ನಾನು ಬಟ್ಟಲು ಹಿಡಿದು ಬಾಗಿದೆ, ನೀರು ಅವರ ಗಡ್ಡದ ಮೇಲೆಲ್ಲ ಚೆಲ್ಲಿತು. ಅವರು ನುಂಗಿದರು, ನನ್ನನ್ನೇ ಇನ್ನೊಂದು ಗಳಿಗೆ ನೋಡಿದರು, ಆಮೇಲೆ "ಹತ್ತು" ಎಂದು ದೊಡ್ಡ ದನಿಯಲ್ಲಿ ಹೇಳಿದರು. ಜನ ಹೋ ಎಂದು ಕೂಗಿದ್ದು ನಿನಗೆ ಅಲ್ಲಿಗೇ ಕೇಳಿಸಬೇಕು, ಹಾಗೆ ಕೂಗಿದರು.

ಮರುದಿನ ಸಿಮಿಯಾಸ್ ಉಳಿ ಹಿಡಿದು ನನ್ನ ಹತ್ತಿರ ಬಂದ. "ಹತ್ತು ಅಂತಾನೇ ಅಲ್ವೇನಮ್ಮಾ? ಇದು ಕಲ್ಲು, ಬೂದಿ ಅಲ್ಲ, ಆಮೇಲೆ ಒರೆಸೋಕಾಗಲ್ಲ" ಎಂದ. ಅವರು ಹೇಳಿದ್ದು ನಿನಗೂ ಕೇಳಿಸಿತಲ್ಲಪ್ಪ ಎಂದೆ.

ಲಾಸ್ತೆನೆಸ್ ಬದಲಾಗಿದ್ದಾನೆ ಅಮ್ಮ ಎಂದು ಬರೆದಿದ್ದೀಯ. ಅದೇ ಚರ್ಮದಲ್ಲಿ, ನಾಲ್ಕು ಸಾಲು ಕೆಳಗೆ, ಅರವತ್ತು ಜನ ಈಟಿಯವರಿಗೆ ದಿನವೂ ಅಡುಗೆ ಮಾಡಿಸಿ ಸಾಕಾಗಿದೆ ಎಂದೂ ಬರೆದಿದ್ದೀಯ. ಬದಲಾದವನಿಗೆ ಅರವತ್ತು ಈಟಿ ಯಾಕೆ ಬೇಕೇ ಹುಚ್ಚಿ? ತೌರಿಗೆ ಹೆಂಡತಿಯನ್ನು ಕರೆತರಲು ಹಡಗಿನ ತುಂಬ ಕೂಲಿ ಸೈನ್ಯ ಬೇಕೇ? ನೀನೊಬ್ಬಳೇ ಮಕ್ಕಳನ್ನು ಕಟ್ಟಿಕೊಂಡು ಬರುವ ಹಾಗಿದ್ದರೆ ನಾನು ಬಂದರಿನಲ್ಲೇ ಚಾಪೆ ಹಾಸಿಕೊಂಡು ಕಾಯುತ್ತಿದ್ದೆ. ಹಾಗೆ ಬರಲು ಕಾನೂನು ಬಿಡುವುದಿಲ್ಲ.

ಚಿಕ್ಕದಕ್ಕೆ ನನ್ನ ಹೆಸರಿಟ್ಟಿದ್ದೀಯ, ಪುಟ್ಟ ಫಿಲಿನ್ನಾ. ಮೂಗು ನನ್ನದೇ ಎಂದೂ ಬರೆದಿದ್ದೀಯ, ಪಾಪ ಅದಕ್ಕೆ. ಏಳು ವರ್ಷ ಕಳೆದರೆ ಅದು ನನ್ನನ್ನು ನೋಡಿ ಸೆರಗಿನ ಹಿಂದೆ ಅಡಗಿಕೊಳ್ಳುತ್ತದೆ, ನಾನು ಬದುಕಿದ್ದರೆ. ನನಗೆ ಅರವತ್ತು ದಾಟಿತು, ಮೊಣಕಾಲು ಹಿಡಿದುಕೊಂಡಿದೆ. ನಿನ್ನನ್ನು ನೋಡದೆಯೇ ಸಾಯುತ್ತೇನೇನೋ. ಆದರೂ ಹೇಳುತ್ತೇನೆ, ಅದು ಹತ್ತು.

ಒಣ ಅಂಜೂರ, ಜೇನು, ಕೂಸುಗಳಿಗೆ ಎರಡು ಉಣ್ಣೆ ಅಂಗಿ ಕಳಿಸುತ್ತಿದ್ದೇನೆ. ಅಂಗಿ ದೊಡ್ಡದಾಗಿಯೇ ನೇಯ್ದಿದ್ದೇನೆ. ಚಳಿಗಾಲಕ್ಕೆ ಮುಂಚೆ ಉತ್ತರ ಹಾಕು. ಬೈದು ಬರೆದರೂ ಸರಿ, ಬರೆ.

ನಿನ್ನನ್ನು ಹೆತ್ತವಳು,
ಫಿಲಿನ್ನಾ

ಮತ್ತೆ ಬರೆದದ್ದು: ಮಡಚಿ ದಾರ ಸುತ್ತಿ ಮೂರು ದಿನವಾಯಿತು. ಗಾಳಿ ತಿರುಗದೆ ಹಡಗು ನಿಂತಿದೆ, ಹಾಗಾಗಿ ಬಿಚ್ಚಿದೆ. ತಿಮೋ, ನಿನ್ನ ನೆನಪು ಸರಿ. ಅದು ಮೂರು. ನಿಮ್ಮ ಮುತ್ತಜ್ಜನ ಕಾಲದಿಂದಲೂ ಮೂರೇ. ನಾನು ಅವರ ಕಿವಿಯಲ್ಲಿ ಹತ್ತು ಎಂದೆ.

ನಿನ್ನೆ ಅಪ್ಪ ಅಂಗಳದಲ್ಲಿ ಬಿಸಿಲಿಗೆ ಕೂತು ತಮ್ಮಷ್ಟಕ್ಕೆ ಹಾಡಿಕೊಳ್ಳುತ್ತಿದ್ದರು. ಆ ಸಾಲು ಬಂತು, ಮೂರು ಎಂದೇ ಹಾಡಿದರು. ಗೋಡೆಯಾಚೆ ಬಟ್ಟೆ ಹರವುತ್ತಿದ್ದ ಕ್ಲೀತಾ ಕೈ ನಿಲ್ಲಿಸಿ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅಣ್ಣನಿಗೆ ಗಂಟಲು ಕೆಟ್ಟಿದೆ ಕಣಕ್ಕಾ, ಒಳಗೆ ಕೂರ್ಸು" ಎಂದಳು. ಆಗಿನಿಂದ ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿದ್ದೇನೆ. ಯಾಕೆ ಹಾಕಿದೆ, ತೆಗಿ ಎಂದು ಬಡಿಯುತ್ತಾರೆ.

ನಿನ್ನ ಗಂಡ ಯಾರನ್ನೂ ಕೇಳದೆ ಪೀಠದಲ್ಲಿ ಕೂತ. ನಾನು ಯಾರನ್ನೂ ಕೇಳದೆ ಕಾನೂನು ಬರೆಸಿದೆ. ಅವನಿಗೂ ನನಗೂ ಏನು ವ್ಯತ್ಯಾಸ ಎಂದು ಯೋಚಿಸಿ ತಲೆ ಕೆಟ್ಟುಹೋಗಿದೆ. ಈ ಚರ್ಮವನ್ನು ನಮ್ಮ ಊರಿನ ಯಾರ ಮುಂದೆ ಹಿಡಿದರೂ ಸಾಕು, ಗೋಡೆಯ ಕಲ್ಲು ಬದಲಾಗುತ್ತದೆ, ನೀನು ಮನೆಗೆ ಬರಬಹುದು. ನಮ್ಮಿಬ್ಬರನ್ನು ಬಂಡೆಯಿಂದ ತಳ್ಳುತ್ತಾರೆ. ಅಪ್ಪನಿಗೆ ಯಾಕೆ ಎಂದೂ ಗೊತ್ತಾಗುವುದಿಲ್ಲ. ಓದಿ ಸುಟ್ಟುಬಿಡು ಎನ್ನಲು ನನಗೆ ಬಾಯಿಲ್ಲ. ನಿನ್ನನ್ನು ಒಂದು ಮಾತೂ ಕೇಳದೆ ನಿನ್ನ ಏಳು ವರ್ಷ ಕಿತ್ತುಕೊಂಡಿದ್ದೇನೆ. ಈ ಚರ್ಮವನ್ನು ಏನು ಮಾಡಬೇಕು ಎನ್ನುವುದನ್ನಾದರೂ ನೀನೇ ತೀರ್ಮಾನಿಸು.